ಶುಕ್ರವಾರದ ಮಾಂಸ

ಆ ಕುದುರೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆನೇ ಎಂಬುದು ನನಗೆ ಈಗಲೂ ಖಚಿತವಿಲ್ಲ. ಕಂಡಂತೆ ನೆನಪಿದೆ. ನಮ್ಮ ಮನೆಯೆದುರಿನ ಬಲ್ಮಠದ ಏರಿನಲ್ಲಿ ಜಟಕಾ ಅರ್ಧಕ್ಕೇ ನಿಂತದ್ದು, ಕುದುರೆ ಮುಂಗಾಲು ಮಡಚಿ ಕುಸಿದದ್ದು, ಗಾಡಿಯವನು ಅದರ ಕುತ್ತಿಗೆಯ ಪಟ್ಟಿ ಬಿಚ್ಚಲು ಒದ್ದಾಡಿದ್ದು, ಎಲ್ಲವೂ. ಆದರೆ ಅದು ಗುರುವಾರ ಮಧ್ಯಾಹ್ನ. ಆ ಹೊತ್ತಿಗೆ ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರದ ತರಗತಿಯಲ್ಲಿ ಇದ್ದಿರಬೇಕು. ಕಂಡವಳು ನನ್ನ ಅಕ್ಕ. ರಸ್ತೆ ಬದಿಯ ಕೋಣೆಯಲ್ಲಿ, ಕಿಟಕಿಗೆ ತಾಗಿ ಅವಳ ಮಂಚವಿತ್ತು. ಹಗಲೆಲ್ಲ ಹೊರಗೆ ನಡೆದದ್ದನ್ನು ಸಂಜೆ ನನಗೆ ಒಪ್ಪಿಸುವುದು ಅವಳ ಅಭ್ಯಾಸ. ಅವಳು ಹೇಳಿದ್ದೇ ಇಷ್ಟು ವರ್ಷಗಳಲ್ಲಿ ನಾನು ಕಂಡದ್ದಾಗಿ ಬದಲಾಗಿರಬಹುದು. ಕುದುರೆಯ ಬಣ್ಣ ಕೇಳಿದರೆ ನಾನು ಕಂದು ಎನ್ನುತ್ತೇನೆ. ಅಮ್ಮ ಕೊನೆಯವರೆಗೂ ಬಿಳಿ ಎನ್ನುತ್ತಿದ್ದಳು.

ಅಕ್ಕನಿಗೆ ಕ್ಷಯ. ಐವತ್ತರ ದಶಕದ ನಡುವಿನ ಮಾತು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಮನೆಯಲ್ಲೇ ಇಟ್ಟುಕೊಂಡಿದ್ದೆವು. ತಟ್ಟೆ, ಲೋಟ, ಟವೆಲು ಎಲ್ಲ ಬೇರೆ. ಮನೆಗೆ ಬರುತ್ತಿದ್ದ ಡಾಕ್ಟರು ಅಪ್ಪನಿಗೆ ಹೇಳಿದ್ದರು: "ಇಂಜೆಕ್ಷನ್ ನಾನು ಕೊಡ್ತೇನೆ ಮಾಷ್ಟ್ರೇ, ಮೈ ನೀವು ಕೊಡಬೇಕು. ದನದ ಮೂಳೆ, ಮಾಂಸ ಚೆನ್ನಾಗಿ ಬೇಯಿಸಿ ಸೂಪು ಮಾಡಿ. ಒಂದು ದಿನವೂ ತಪ್ಪಬಾರದು."

ನಾವು ಕೊಂಕಣಿ ಮಾತಾಡುವ ಕೆಥೊಲಿಕರು. ದನದ ಮಾಂಸ ನಮಗೆ ಹೊಸದಲ್ಲ. ಆಡಿನ ಮಾಂಸ ಮಾತ್ರ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ಅಪ್ಪನಿಗೆ ದಿನಾ ನಿಲುಕುವಂಥದ್ದಾಗಿರಲಿಲ್ಲ. ಅಪ್ಪ ಬೆಳಗಿನ ಪೂಜೆ ಮುಗಿಸಿ, ಚರ್ಚಿನಿಂದ ನೇರ ಮಾರ್ಕೆಟಿಗೆ ಹೋಗಿ ಮಾಂಸ ತರುತ್ತಿದ್ದರು. ತೊಡಕು ಶುಕ್ರವಾರದ್ದು. ಶುಕ್ರವಾರ ನಮಗೆ ಮಾಂಸ ನಿಷಿದ್ಧ. ಕಾಯಿಲೆಯವರಿಗೆ ಆ ಕಟ್ಟು ಇಲ್ಲವೆಂದು ಪಾದ್ರಿಗಳೇ ಮನೆಗೆ ಬಂದು ಹೇಳಿದ್ದರು. ಅಮ್ಮ ತಲೆಯಾಡಿಸಿದ್ದಳು; ಒಪ್ಪಿದ್ದಳೆಂದು ನನಗೆ ಅನ್ನಿಸುವುದಿಲ್ಲ. ಶುಕ್ರವಾರ ಸೂಪಿಟ್ಟರೆ ವಾಸನೆ ಹೊರಗೆ ಹೋಗಬಾರದೆಂದು ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು. ಉಪ್ಪು ನೋಡಲು ನಾಲಿಗೆಗೂ ಮುಟ್ಟಿಸುತ್ತಿರಲಿಲ್ಲ. "ಶುಕ್ರವಾರದ ಸೂಪು ಒಂದೋ ಸಮುದ್ರದ ನೀರು, ಇಲ್ಲದಿದ್ದರೆ ಬಾವಿ ನೀರು" ಎಂದು ಅಕ್ಕ ಗೊಣಗುತ್ತಲೇ ಕುಡಿಯುತ್ತಿದ್ದಳು.

ಶುಕ್ರವಾರ ಒಬ್ಬ ಕೆಥೊಲಿಕ್ ಮಾಷ್ಟ್ರು ದನದ ಮಾಂಸದ ಅಂಗಡಿಯೆದುರು ನಿಂತರೆ ಕಂಡವರು ಎಂತ ಹೇಳಿಯಾರು? ಹಾಗಾಗಿ ಆ ದಿನ ಅಂಗಡಿಯ ಬ್ಯಾರಿಯೇ ತನ್ನ ಮನೆಗೆ ಹೋಗುವ ದಾರಿಯಲ್ಲಿ ಸೈಕಲ್ ನಿಲ್ಲಿಸಿ, ಸಾಗುವಾನಿ ಎಲೆಯಲ್ಲಿ ಸುತ್ತಿದ ಪೊಟ್ಟಣವನ್ನು ಹಿಂಬಾಗಿಲಲ್ಲಿ ಕೊಟ್ಟುಹೋಗುತ್ತಿದ್ದ.

"ಬಾಯಮ್ಮ, ಇವತ್ತು ನಮಗೆ ಪಳ್ಳಿ, ನಿಮಗೆ ಪಥ್ಯ. ಮಗಳಿಗೆ ಮಾತ್ರ ಗಮ್ಮತ್ತು" ಎನ್ನುತ್ತಿದ್ದ. ಬ್ಯಾರಿ ಎಂದರೆ ನಮ್ಮ ಕರಾವಳಿಯ ಮುಸ್ಲಿಂ, ಪಳ್ಳಿ ಎಂದರೆ ಅವರ ಮಸೀದಿ. ಅಮ್ಮ ನಗುತ್ತಿರಲಿಲ್ಲ. ಒಳಗಿನಿಂದ ಅಕ್ಕ ನಗುತ್ತಿದ್ದಳು, ಕೆಮ್ಮು ಬರುವವರೆಗೆ.

ಸೂಪು ಶುರುವಾಗುವ ಮೊದಲು ಅಕ್ಕನ ಒಂಟಿ ಚಿನ್ನದ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಜಾರದಿರಲೆಂದು ಅಮ್ಮ ಅದಕ್ಕೆ ನೂಲು ಸುತ್ತಿದ್ದಳು. ಆ ವರ್ಷದ ಬೇಸಿಗೆ ಕಾಲಿಡುವ ಹೊತ್ತಿಗೆ ನೂಲನ್ನು ಸ್ವಲ್ಪ ಬಿಚ್ಚಬೇಕಾಯಿತು. ಕೈ ಅಷ್ಟು ತುಂಬಿತ್ತು. ಬಿಚ್ಚಿದ ನೂಲನ್ನು ಅಮ್ಮ ಎಸೆಯದೆ ಏಸುವಿನ ಪಟದ ಹಿಂದೆ ಸಿಕ್ಕಿಸಿದಳು.

ಆ ಕುದುರೆ ನಮಗೆ ಅಪರಿಚಿತವಲ್ಲ. ಏರುತಗ್ಗಿನ ಊರಿನಲ್ಲಿ ಜಟಕಾಗಳೇ ಕಡಿಮೆ. ಕ್ಷಯದವರನ್ನು ಹತ್ತಿಸಿಕೊಳ್ಳುವ ಜಟಕಾ ಇನ್ನೂ ಕಡಿಮೆ. ಅಕ್ಕನನ್ನು ಎಕ್ಸ್‌ರೇಗೆ ಕರೆದೊಯ್ದು ತರುತ್ತಿದ್ದದ್ದು ಅದೊಂದೇ. ಇಳಿದ ಮೇಲೆ ಅವಳು ಸೆರಗಿನಿಂದ ಬೆಲ್ಲದ ಚೂರು ತೆಗೆದು ಅದಕ್ಕೆ ತಿನ್ನಿಸುತ್ತಿದ್ದಳು. ಗುರುವಾರ ಅದು ಸತ್ತಿತು. ಸಂಜೆ ಯಾರೋ ಎತ್ತಿನ ಗಾಡಿ ತಂದು ಹೆಣ ಹೇರಿಕೊಂಡು ಹೋದರು. ಯಾವ ಕಡೆಗೆ ಹೋಯಿತೆಂದು ನಮ್ಮ ಬೀದಿಯವರಾರೂ ನೋಡಲಿಲ್ಲ.

ಮರುದಿನ, ಶುಕ್ರವಾರ, ಎಂದಿನಂತೆ ಪೊಟ್ಟಣ ಬಂತು. ಅಮ್ಮ ಸೂಪು ಮಾಡಿದಳು. ಅಕ್ಕ ಕುಡಿದಳು. ಈಸ್ಟರಿಗೆ ಮೊದಲಿನ ತಪಸ್ಸಿನ ಕಾಲವಾದ್ದರಿಂದ ಸಂಜೆ ಚರ್ಚಿನಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ ಇತ್ತು. ಅಲ್ಲಿಂದ ಮರಳಿದ ಅಮ್ಮ ತಲೆಯ ಮೇಲಿನ ಸೆರಗನ್ನೂ ತೆಗೆಯದೆ ಬಾಗಿಲಲ್ಲೇ ನಿಂತಳು. ಮನೆಯಲ್ಲಿ ನಾವು ಆಡುತ್ತಿದ್ದದ್ದು ಕೊಂಕಣಿ. ಇಲ್ಲಿ ಬರೆಯುತ್ತಿರುವುದು ಅದರ ಕನ್ನಡ, ಅದೂ ನನ್ನ ನೆನಪಿನ ಕನ್ನಡ.

"ಆ ಕುದುರೆ ಎಲ್ಲಿಗೆ ಹೋಯಿತು ಗೊತ್ತುಂಟಾ? ಮಾರ್ಕೆಟಿಗೆ."

"ಯಾರು ಹೇಳಿದ್ದು?" ಎಂದು ನಾನು ಕೇಳಿದೆ.

"ಎಲ್ಲರೂ ಹೇಳ್ತಾರೆ. ಚರ್ಚಿನ ಮೆಟ್ಟಿಲಲ್ಲಿ ಅದೇ ಮಾತು."

"ಎಲ್ಲರೂ ಅಂದರೆ ಯಾರು ಮಾಂಯ್? ಒಬ್ಬರಾದರೂ ಕಂಡಿದ್ದಾರಾ?"

"ನೀನು ಕಾಲೇಜಿನ ಮಾತು ಇಲ್ಲಿ ತರಬೇಡ."

ಅಪ್ಪ ಇಂಥ ಸುದ್ದಿಗಳನ್ನು ನಂಬುವವರಲ್ಲ. ಅವರು ಹಲಗೆಯ ಮೇಲೆ ಲೆಕ್ಕ ಬಿಡಿಸುವವರಂತೆ ನಿಧಾನವಾಗಿ ಮಾತಾಡಿದರು. "ಇವತ್ತು ಶುಕ್ರವಾರ. ಶುಕ್ರವಾರ ಮಾರ್ಕೆಟಿನ ಬ್ಯಾರಿಗಳು ದನ ಕಡಿಯುವುದಿಲ್ಲ. ಪ್ರತಿ ಶುಕ್ರವಾರ ನಾನು ಮಧ್ಯಾಹ್ನ ಊಟಕ್ಕೆ ಬರುವಾಗ ಮಾಂಸದಂಗಡಿಗಳ ಸಾಲಿನ ಬಾಗಿಲೆಲ್ಲ ಹಾಕಿರ್ತದೆ. ಇಷ್ಟು ದಿನ ಗುರುವಾರ ಕಡಿದದ್ದನ್ನೇ ಶುಕ್ರವಾರ ಕೊಡ್ತಾನೆ ಅಂತ ನಾನು ತಿಳಿದಿದ್ದೆ. ಇವತ್ತು ಅವನು ತಂದದ್ದು ಹಳೆಯ ಮಾಂಸವಾ?"

"ಅಲ್ಲ, ತಾಜಾ ಇತ್ತು" ಎಂದಳು ಅಮ್ಮ.

"ಹಾಗಾದರೆ ಅದು ಕಡಿದದ್ದಲ್ಲ. ಸತ್ತದ್ದು."

ಆ ವರ್ಷ ನಾನು ತರ್ಕಶಾಸ್ತ್ರದಲ್ಲಿ ಓದುತ್ತಿದ್ದದ್ದೇ ಇಂಥ ವಾಕ್ಯಗಳನ್ನು. ಒಂದರ ಮೇಲೊಂದು ಇಟ್ಟು ನೋಡಿದೆ, ಬಿರುಕು ಕಾಣಲಿಲ್ಲ. ಆದ್ದರಿಂದ ಬೇರೆ ಕಡೆಯಿಂದ ವಾದ ಹೂಡಿದೆ. ಕುದುರೆಯೇ ಆಗಿದ್ದರೂ ಎಂತ ಆಯಿತು? ಫ್ರಾನ್ಸಿನಲ್ಲಿ ಕುದುರೆ ಮಾಂಸಕ್ಕೇ ಬೇರೆ ಅಂಗಡಿಗಳಿವೆ. ನಾವು ದನ ತಿನ್ನುವುದನ್ನು ಕಂಡು ಪಕ್ಕದ ಮನೆಯವರು ಪಡುವ ಹೇಸಿಗೆಗೂ ಇದಕ್ಕೂ ಏನು ವ್ಯತ್ಯಾಸ?

"ಫ್ರಾನ್ಸಿನವರು ಕಡಿದು ತಿನ್ನುತ್ತಾರಾ, ಸತ್ತದ್ದನ್ನು ತಿನ್ನುತ್ತಾರಾ?" ಅಮ್ಮ ಕೇಳಿದಳು.

"ಕಡಿದು."

"ಮತ್ತೆ? ದನ, ಹಂದಿ ನಾಳೆ ಊಟ ಆಗ್ತದೆ ಅಂತ ಗೊತ್ತಿದ್ದೇ ಸಾಕುವುದು. ಇದು ನನ್ನ ಮಗಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದ ಪ್ರಾಣಿ ಮಾರಾಯ. ಶುಕ್ರವಾರ ಮಾಂಸ ಬೇಯಿಸಿದ್ದಕ್ಕೆ ನನಗಿದು ಬೇಕಿತ್ತು."

ಅವಳು ಸೋತದ್ದು ಕುದುರೆಗಿಂತ ಹೆಚ್ಚಾಗಿ ಈ ಕೊನೆಯ ಮಾತಿಗೆ ಎಂದು ನನಗೆ ಈಗ ಅನ್ನಿಸುತ್ತದೆ. ಆಗ ತೋರಲಿಲ್ಲ.

ಮಾತೆಲ್ಲ ಅಕ್ಕನಿಗೆ ಕೇಳಿಸಿತ್ತು. ನಮ್ಮ ಮನೆಯ ಗೋಡೆಗಳು ಹೆಂಚಿನ ಮಾಡಿನವರೆಗೆ ಏರಿರಲಿಲ್ಲ. ನಾನು ಒಳಗೆ ಹೋದಾಗ ಅವಳು ಕಿಟಕಿಯ ಹೊರಗೆ, ಏರಿನತ್ತ ನೋಡುತ್ತಿದ್ದಳು.

"ಬಾಬ್, ಅದೇ ಆಗಿದ್ದರೂ ನನಗೆ ಬೇಸರ ಇಲ್ಲ" ಎಂದಳು. "ಇಷ್ಟು ದಿನ ಹೊತ್ತದ್ದು ಅದೇ ಅಲ್ವಾ? ಇನ್ನೂ ಸ್ವಲ್ಪ ದೂರ ಹೊರಲಿ."

ಸೂಪು ಆ ದಿನ ಸ್ವಲ್ಪ ಸಿಹಿಯಿತ್ತು ಎಂದೂ ಅವಳು ಹೇಳಿದ ನೆನಪು. ಈ ನೆನಪನ್ನು ನಾನು ನಂಬುವುದಿಲ್ಲ. ಕುದುರೆ ಮಾಂಸಕ್ಕೆ ಸಿಹಿ ಇರುತ್ತದೆಂದು ಎಷ್ಟೋ ವರ್ಷಗಳ ಮೇಲೆ ಮದ್ರಾಸಿನಲ್ಲಿ ಎಲ್ಲೋ ಓದಿದೆ. ಓದುವ ಮೊದಲು ಅಕ್ಕನ ಬಾಯಲ್ಲಿ ಆ ಮಾತು ಇತ್ತೇ, ಓದಿದ ಮೇಲೆ ನಾನೇ ಇಟ್ಟೆನೇ ಎಂದು ಹೇಳಲಾರೆ.

ಮುಂದಿನ ಶುಕ್ರವಾರ ಬ್ಯಾರಿ ಬಂದಾಗ ಅಮ್ಮ ಹಿಂಬಾಗಿಲು ತೆರೆಯಲಿಲ್ಲ. ಅಪ್ಪ ಸುತ್ತು ಬಳಸಿ ಅಂಗಳಕ್ಕೆ ಹೋದರು. ಆ ದಿನ ನಾನು ಮನೆಯಲ್ಲಿದ್ದೆ. ಇದರ ಬಗ್ಗೆ ಸಂಶಯವಿಲ್ಲ.

"ಇನ್ನು ಬೇಡ" ಎಂದರು ಅಪ್ಪ.

"ಯಾಕೆ ಮಾಷ್ಟ್ರೇ? ಮೂಳೆ ಸಣ್ಣದಾಯಿತಾ?"

"ಹಾಗೇನಿಲ್ಲ."

"ಮಗಳಿಗೆ ಹೇಗುಂಟು?"

"ಉಂಟು."

ಬ್ಯಾರಿ ಪೊಟ್ಟಣವನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, "ಇದು ಅವಳಿಗೆ ಅಂತ ತಂದದ್ದು, ವಾಪಸು ಕೊಂಡುಹೋಗ್ಲಿಕ್ಕೆ ಆಗುದಿಲ್ಲ" ಎಂದು ಸೈಕಲ್ ಹತ್ತಿದ. ಅಪ್ಪ ಒಂದೇ ಒಂದು ಪ್ರಶ್ನೆ ಕೇಳಬಹುದಿತ್ತು: ಶುಕ್ರವಾರ ನಿಮಗೆ ಮಾಂಸ ಎಲ್ಲಿಂದ? ಕೇಳಿದರೆ ಆ ಮನುಷ್ಯನನ್ನು ಮುಖದೆದುರೇ ಕಳ್ಳನೆಂದಂತೆ ಎಂದು ಅಪ್ಪನ ಎಣಿಕೆ. ಅವನಿಗೆ ಅವಮಾನ ಮಾಡುವುದು ಅವರಿಗೆ ಬೇಕಿರಲಿಲ್ಲ. ಕಲ್ಲಿನ ಮೇಲಿನ ಪೊಟ್ಟಣವನ್ನು ಕಾಗೆಗಳು ಬಿಚ್ಚಿದವು.

ಅಲ್ಲಿಂದ ಮಾರ್ಕೆಟಿನ ಯಾವ ಅಂಗಡಿಯಿಂದಲೂ ದನದ ಮಾಂಸ ಬರಲಿಲ್ಲ. ಒಬ್ಬ ಮಾರಿದ್ದರೆ ಎಲ್ಲರೂ ಮಾರಿರಬಹುದು ಎಂದಳು ಅಮ್ಮ. ಸಂಬಳದ ವಾರದಲ್ಲಿ ಆಡಿನ ಕಾಲು ಬಂತು. ಉಳಿದ ದಿನ ಮೀನಿನ ಸಾರು, ಮೊಟ್ಟೆ, ರಾಗಿ ಗಂಜಿ. ಮೀನಿನ ಸಾರು ಅಕ್ಕನ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಅವಳು ಸೂಪು ಕೇಳುತ್ತಿದ್ದಳು. ಮೊದಮೊದಲು ತಮಾಷೆಯಾಗಿ, ಆಮೇಲೆ ತಮಾಷೆಯಿಲ್ಲದೆ. ಒಮ್ಮೆ ನಾನು ಬಂದರಿನ ಹತ್ತಿರದ ಬ್ಯಾರಿ ಹೋಟೆಲಿನಿಂದ ಹಿಡಿಕೆಯ ಪಾತ್ರೆಯಲ್ಲಿ ಸೂಪು ತಂದೆ. ಅಮ್ಮ ಮುಚ್ಚಳ ತೆಗೆದು ಮೂಸಿದಳು, ಹಾಗೆಯೇ ನೆಲದ ಮೇಲೆ ಕೂತಳು. "ಬೇರೆ ಯಾರಾದರೂ ಕುಡಿಸಲಿ, ನನ್ನ ಕೈಯಿಂದ ಆಗುದಿಲ್ಲ" ಎಂದಳು. ನಾನು ಕೈ ಚಾಚಿದೆ. ಅವಳು ಪಾತ್ರೆ ಬಿಡಲೂ ಇಲ್ಲ. ಎದ್ದು ಹೋಗಿ ಬಾಳೆಯ ಬುಡಕ್ಕೆ ಸುರಿದಳು.

ಕಿಟಕಿಯಿಂದ ಅಕ್ಕ ನೋಡುತ್ತಿದ್ದಳು. "ಬಾಳೆಗಾದರೂ ಮೈ ಬರಲಿ" ಎಂದಳು.

ಅಮ್ಮ ಪಟದ ಹಿಂದಿನ ನೂಲು ತೆಗೆದು ಮತ್ತೆ ಬಳೆಗೆ ಸುತ್ತಿದಳು. ಸಾಲಲಿಲ್ಲ. ಹೊಸ ನೂಲೂ ಬೇಕಾಯಿತು. ಮಳೆಗಾಲ ಹಿಡಿಯುವ ಹೊತ್ತಿಗೆ ಬಳೆಯನ್ನೇ ತೆಗೆದಿಟ್ಟರು. ಆಟಿ ತಿಂಗಳ, ಅಂದರೆ ಆಷಾಢದ, ಬಿಡದ ಮಳೆಯಲ್ಲಿ ಅಕ್ಕ ತೀರಿಕೊಂಡಳು.

ಸೂಪಿನಿಂದ ಕ್ಷಯ ವಾಸಿಯಾಗುವುದಿಲ್ಲ ಎಂಬುದು ನನಗೆ ಗೊತ್ತು. ಆ ಕಾಲದ ಇಂಜೆಕ್ಷನ್‌ಗಳೂ ಎಲ್ಲರನ್ನೂ ಉಳಿಸಲಿಲ್ಲ. ಅವಳು ದಿನಾ ಸೂಪು ಕುಡಿದೂ ಅದೇ ತಿಂಗಳು ಸಾಯಬಹುದಿತ್ತು. ಆದರೆ ಹಸಿವಿನಲ್ಲಿ ಸಾಯುತ್ತಿರಲಿಲ್ಲ. ಸ್ಮಶಾನದ ಗೇಟಿನ ಹೊರಗೆ ಬ್ಯಾರಿ ಕೊಡೆ ಹಿಡಿದು ನಿಂತಿದ್ದನೆಂದು ನನ್ನ ನೆನಪು ಹೇಳುತ್ತದೆ. ಯಾರೂ ನಿಂತಿರಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು.

ನಾನು ಮದ್ರಾಸಿನಲ್ಲಿ ಓದಿ, ಘಟ್ಟದ ಮೇಲೆ ಎರಡು ಮೂರು ಊರುಗಳಲ್ಲಿ ಪಾಠ ಹೇಳಿದೆ. ಎಲ್ಲಿಯೂ ಬಹಳ ಕಾಲ ನಿಲ್ಲಲಿಲ್ಲ. ಅರುವತ್ತರ ದಶಕದ ಕೊನೆಯಲ್ಲಿ ಒಮ್ಮೆ ರಜೆಗೆ ಬಂದೆ. ಅಪ್ಪ ಆಗಲೇ ತೀರಿಕೊಂಡಿದ್ದರು. ಶುಕ್ರವಾರದ ಕಟ್ಟನ್ನು ಚರ್ಚು ಸಡಿಲಿಸಿತ್ತು. ಒಂದು ಶುಕ್ರವಾರ ಬೆಳಿಗ್ಗೆ ಅಮ್ಮ ಅಕ್ಕಿ ಆರಿಸುತ್ತ ಹೇಳಿದಳು: "ಶುಕ್ರವಾರ ಈಗ ಮಾಂಸ ತಿನ್ನಬಹುದಂತೆ. ತಿನ್ನಬಹುದು ಸರಿ, ಸಿಗಬೇಕಲ್ಲ. ಶುಕ್ರವಾರ ಅವರು ಕಡಿಯುವುದೇ ಇಲ್ಲ."

ಕುದುರೆ ಸತ್ತ ಮರುದಿನ ಅಪ್ಪ ಹೂಡಿದ ತರ್ಕದ ಮೊದಲ ವಾಕ್ಯ ಅದು. ಅದನ್ನು ಯಾರೂ ಹೋಗಿ ನೋಡಿರಲಿಲ್ಲ ಎಂಬುದು ನನಗೆ ಆ ಕ್ಷಣದಲ್ಲಿ ಹೊಳೆಯಿತು. ಅಪ್ಪ ಕಂಡದ್ದು ಮಧ್ಯಾಹ್ನದ ಬಾಗಿಲುಗಳನ್ನು. ನಮ್ಮವರಲ್ಲಿ ಶುಕ್ರವಾರ ಬೆಳಿಗ್ಗೆ ಆ ಸಾಲಿಗೆ ಕಾಲಿಟ್ಟವರೇ ಇಲ್ಲ. ನಾನು ಚಪ್ಪಲಿ ಮೆಟ್ಟಿ ಹೊರಟೆ.

ಮಾಂಸದ ಸಾಲಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ನಮ್ಮ ಬ್ಯಾರಿ ಕೂರುತ್ತಿದ್ದ ಅಂಗಡಿಯಲ್ಲಿ ಬೇರೊಬ್ಬ ಮುದುಕನಿದ್ದ. ಶುಕ್ರವಾರ ನಿಮಗೆ ರಜೆಯಲ್ಲವೇ ಎಂದು ಕೇಳಿದೆ.

"ರಜೆಯಾ? ಯಾರು ಹೇಳಿದ್ದು ಮಾರಾಯ್ರೆ? ಶುಕ್ರವಾರವೇ ನಮಗೆ ವ್ಯಾಪಾರ. ಜುಮ್ಮಾ ನಮಾಜು ಮುಗಿಸಿ ಬಂದವನಿಗೆ ಮನೆಯಲ್ಲಿ ಊಟ ಬೇಡವಾ?"

"ಮೊದಲೂ ಹೀಗೆಯಾ? ಹತ್ತು ಹನ್ನೆರಡು ವರ್ಷದ ಹಿಂದೆ?"

"ನನ್ನ ಅಪ್ಪ ಈ ಸಾಲಿನಲ್ಲಿ ಕೂತಾಗಲೂ ಹೀಗೆಯೇ. ಬೆಳಿಗ್ಗೆ ಕಡಿಯುದು, ಪಳ್ಳಿಗೆ ಹೊತ್ತಾಗುವ ಮೊದಲು ತೊಳೆದು ಬಾಗಿಲು ಹಾಕುದು." ನನ್ನ ಮಾತಿನ ಧಾಟಿಯಲ್ಲೇ ಅವನಿಗೆ ನಾನು ಕೆಥೊಲಿಕನೆಂದು ತಿಳಿದಿತ್ತು. "ನಿಮ್ಮವರು ಶುಕ್ರವಾರ ಈ ಕಡೆ ಬರುದಿಲ್ಲ. ನಿಮಗೆ ಹೇಗೆ ಗೊತ್ತಾಗ್ಬೇಕು?"

ಒಬ್ಬನ ಮಾತು ಸಾಲದೆಂದು ಎದುರಿನ ಅಂಗಡಿಯವನನ್ನು ಕೇಳಿದೆ. ಅದೂ ಸಾಲದೆ ಕಸಾಯಿಖಾನೆಗೆ ಹೋಗಿ ಅಲ್ಲಿನ ಹಳೆಯ ಕಾವಲುಗಾರನನ್ನು ಹುಡುಕಿ ಕೇಳಿದೆ. ಕುದುರೆಯ ಹೆಣ ಎಲ್ಲಿಗೆ ಹೋಯಿತೆಂದು ಯಾರಿಗೂ ತಿಳಿಯದು, ನನಗೂ ತಿಳಿಯದು. ಇನ್ನೊಂದು ವಿಷಯದಲ್ಲಿ ಮಾತ್ರ ಮೂವರ ಉತ್ತರವೂ ಒಂದೇ ಆಗಿತ್ತು. ಅಕ್ಕ ಮಲಗಿದ್ದ ಆ ವರ್ಷ, ಪ್ರತಿ ಶುಕ್ರವಾರ ಬೆಳಿಗ್ಗೆ, ಊರಿನಲ್ಲಿ ದನ ಕಡಿಯುತ್ತಿದ್ದರು.