ತೋಳದ ವೇಷಕ್ಕೆ ಬಂದ ರಾಗಿ

ನನ್ನ ಮೊಮ್ಮಗಳು ಚಿತ್ರದುರ್ಗದಲ್ಲಿ ಕಾಲೇಜು ಓದುತ್ತಾಳೆ. ಪ್ರಾಣಿಗಳ ವೇಷ ತಾನೇ ಹೊಲಿದು, ತೊಟ್ಟುಕೊಂಡು ಓಡಾಡುವುದು ಅವಳ ಹುಚ್ಚು. ಈ ಸಲ ರಜೆಗೆ ನಮ್ಮೂರು ಮತ್ತೋಡಿಗೆ ಬಂದವಳು ನಮ್ಮ ಕುರಿಗಳ ಉಣ್ಣೆಯಲ್ಲೇ ತೋಳದ ವೇಷ ಮಾಡಿದಳು. ತಲೆಯಿಂದ ಬಾಲದವರೆಗೆ ತೋಳವೇ! ನೋಡುತ್ತಲೇ ನಾನು ಹಿಗ್ಗಿಹೋದೆ.

ಅದನ್ನು ತೊಟ್ಟು ಬೀದಿಗಿಳಿದಳು, ಹಿಂದೆ ನಾನು. ಎದುರು ಮನೆಯಾಕೆ ಒಳಗೆ ಓಡಿ ಮೊರದಲ್ಲಿ ರಾಗಿ ತಂದಳು. ನಮ್ಮ ಕಡೆ ವೇಷ ಹಾಕಿ ಮನೆ ಮುಂದೆ ನಿಂತವರೆಂದರೆ ಹಗಲುವೇಷದವರೇ. ಅವರಿಗೆ ಕಾಳು ನೀಡುವುದು ವಾಡಿಕೆ.

ಮೊಮ್ಮಗಳು ಅಲ್ಲೇ ನಿಂತುಬಿಟ್ಟಳು. "ಮನೆಗೆ ಹೋಗಾಣ ಅಜ್ಜಿ, ಇನ್ಯಾವತ್ತೂ ಇದನ್ನ ಹಾಕಲ್ಲ" ಎಂದು ಮುಖವಾಡದೊಳಗಿಂದ ಪಿಸುಗುಟ್ಟಿದಳು. ನಾನು ಎದುರು ಮನೆಯಾಕೆಯ ಕಡೆ ತಿರುಗಿದೆ.

"ಇವಳು ನಮ್ಮ ಹುಡುಗಿ ಕಣಕ್ಕ. ಬೇಡಾಕೆ ಬಂದಿಲ್ಲ, ಖುಷಿಗೆ ಹಾಕ್ಕಂಡವ್ಳೆ" ಎಂದೆ.

"ಕಾಳೂ ಬ್ಯಾಡ ಅಂದ್ರೆ ಇಷ್ಟು ಕಷ್ಟ ಯಾಕವ್ವ?"

"ನೀನು ದಿನಾ ಬಾಗಿಲಿಗೆ ರಂಗೋಲಿ ಬಿಡ್ತೀಯಲ್ಲ, ಯಾರು ಕೂಲಿ ಕೊಡ್ತಾರೆ? ಚೆಂದ ಕಾಣ್ಲಿ ಅಂತ ತಾನೇ? ಇದೂ ಹಂಗೇ."

ಆಕೆ ಹತ್ತಿರ ಬಂದು ತೋಳದ ಕಿವಿ ಮುಟ್ಟಿದಳು. "ಕುರಿ ಉಣ್ಣೇಲಿ ತೋಳ ಮಾಡಿದ್ಯೇನೇ, ಘಾಟಿ! ನಿಮ್ಮ ತಾತ ನೋಡಿದ್ರೆ ದೊಣ್ಣೆ ತಗಂಡು ಬತ್ತಾರೆ" ಎಂದು ನಕ್ಕಳು. "ಆದ್ರೆ ನೀಡಾಕೆ ತಂದ ರಾಗಿ ಒಳಗೆ ಒಯ್ಯಲ್ಲ. ಹಿಡಿಯವ್ವ."

"ಹೆಂಗೆ ಹಿಡೀಲಿ, ತೋಳಕ್ಕೆ ಬೆರಳೇ ಇಲ್ವಲ್ಲ!" ಒಳಗಿಂದ ನಗು ಉಕ್ಕಿತು.

ರಾಗಿಯನ್ನು ನಾನೇ ಸೆರಗಿನಲ್ಲಿ ಹಿಡಿದೆ. ಮೊಮ್ಮಗಳು ಮನೆಯ ಕಡೆ ತಿರುಗಲಿಲ್ಲ. ಬಾಲ ಅಲ್ಲಾಡಿಸುತ್ತ ಮುಂದಿನ ಬೀದಿಗೆ ನಡೆದಳು. ನಾನು ಅವಳಿಗಿಂತ ಮುಂದೆ ಓಡಿ, "ಏನೂ ತರಬ್ಯಾಡ್ರಿ, ಬಂದು ನೋಡ್ರಿ ಸಾಕು, ನನ್ನ ಮೊಮ್ಮಗಳು!" ಎಂದು ಕೂಗುತ್ತ ಹೋದೆ.