ಕೊಡಲಾಗದ ಆರು ಸಾಲು

ನಾನೂ ಅವನೂ ಒಂಬತ್ತು ವರ್ಷ ಅಕ್ಕಪಕ್ಕದ ಮೇಜಿನಲ್ಲಿ ಕೂತವರು. ಕಚೇರಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ‘ಕೋಷ್ಟಕ’ ಎಂದು. ಕಾಗದಪತ್ರಗಳನ್ನು ಓದಿ, ಅವುಗಳಲ್ಲಿರುವುದನ್ನು ಸಾಲು ಸಾಲಾಗಿ, ಮನೆ ಮನೆಯಾಗಿ ವಿಂಗಡಿಸಿ ಕೋಷ್ಟಕ ಮಾಡಿಕೊಡುವ ತಂತ್ರಾಂಶ ನಮ್ಮ ಕಂಪನಿಯದು. ಆ ಸಾಲು-ಮನೆಗಳ ಒಳಗುಟ್ಟು ಅವನಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಮಾತು ಕಡಿಮೆ. ಇಪ್ಪತ್ತಾರನೇ ವಯಸ್ಸಿಗೆ ಸೇರಿದವನು, ನಲವತ್ತಮೂರಾದರೂ ಅದೇ ಕಿಟಕಿ ಇಲ್ಲದ ಮೂಲೆ, ಅದೇ ಕೀಲು ಸಡಿಲವಾದ ಕುರ್ಚಿ.

ಮನೆಯಲ್ಲಿ ಅವನು ಮತ್ತು ಅವನ ಅಕ್ಕ, ಇಬ್ಬರೇ. ಅವನಿಗೆ ಮದುವೆಯಾಗಿರಲಿಲ್ಲ. ಅಕ್ಕನದು ಆಗಿ ಮುಗಿದಿತ್ತು. ಪಠ್ಯಪುಸ್ತಕ ಅಚ್ಚು ಹಾಕುವ ಮುದ್ರಣಾಲಯದಲ್ಲಿ ಅಕ್ಕ ಇಪ್ಪತ್ತೆರಡು ವರ್ಷ ಕರಡು ತಿದ್ದಿದ್ದಳು. ಒಂದು ಪುಟದಲ್ಲಿ ಒಂದೇ ಒಂದು ಕೊಂಬು ಬಿಟ್ಟುಹೋಗಿದ್ದರೂ ಅವಳ ಕಣ್ಣು ಅಲ್ಲಿಗೇ ಹೋಗಿ ನಿಲ್ಲುತ್ತಿತ್ತಂತೆ. ಅಂಥ ಕಣ್ಣಿನ ನರವೇ ಒಣಗುತ್ತ ಬಂತು. ಮೂರು ವರ್ಷದಲ್ಲಿ ನೋಟ ಕೊಳವೆಯೊಳಗಿಂದ ನೋಡಿದಷ್ಟಾಯಿತು, ಆಮೇಲೆ ಅದೂ ಹೋಯಿತು. ಅವಳ ವೈದ್ಯಕೀಯ ತಪಾಸಣೆಯೆಲ್ಲ ತಮ್ಮನ ನೌಕರಿಯ ವಿಮೆಯಲ್ಲಿ ನಡೆಯುತ್ತಿತ್ತು. ಹೀಗಾಗಿ ಅವನು ಬೇರೆ ಕಡೆ ಕೆಲಸ ಹುಡುಕುವ ಮಾತನ್ನೇ ಬಿಟ್ಟಿದ್ದ.

ಅಕ್ಕ ಸುಮ್ಮನೆ ಕೂರುವವಳಲ್ಲ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದನ್ನು ಕಂಪ್ಯೂಟರಿಗೆ ಹಾಕಿಸಿಕೊಂಡು, ಕೇಳಿಸಿಕೊಂಡೇ ಕರಡು ತಿದ್ದಲು ಕಲಿತಳು. ಆ ತಂತ್ರಾಂಶ ಯಾವ ಕಂಪನಿಯದೂ ಅಲ್ಲ. ಹತ್ತಾರು ದೇಶದ ಜನ ಬಿಡುವಿನಲ್ಲಿ ಬರೆದು, ಒಬ್ಬರದನ್ನೊಬ್ಬರು ತಿದ್ದಿ, ಯಾರು ಬೇಕಾದರೂ ನೋಡಲಿ, ಬಳಸಲಿ ಎಂದು ತೆರೆದಿಟ್ಟದ್ದು. ಅದರ ಉಸ್ತುವಾರಿ ‘ಗುಬ್ಬಚ್ಚಿ’ ಎಂಬ ಅಡ್ಡಹೆಸರಿನ ಒಬ್ಬರದು. ಗಂಡೋ ಹೆಣ್ಣೋ, ಎಲ್ಲಿಯವರೋ, ಆಗ ಇವರಿಗೆ ಗೊತ್ತಿರಲಿಲ್ಲ.

ಎಲ್ಲ ಚೆನ್ನಾಗಿತ್ತು, ಪುಟದಲ್ಲಿ ಕೋಷ್ಟಕ ಬರುವ ತನಕ. ಗಣಿತದ ಪುಸ್ತಕ, ಭೂಗೋಳದ ಪುಸ್ತಕ, ಎಲ್ಲದರಲ್ಲೂ ಕೋಷ್ಟಕಗಳೇ. ಓದುತ್ತ ಓದುತ್ತ ಧ್ವನಿ ತಟ್ಟನೆ ಎರಡು ಸಾಲು ಹಾರಿಬಿಡುತ್ತಿತ್ತು. ಒಮ್ಮೊಮ್ಮೆ ಒಂದೇ ಮನೆಯನ್ನು ಹಿಡಿದುಕೊಂಡು ಅದನ್ನೇ ಹೇಳುತ್ತ ಕೂರುತ್ತಿತ್ತು. ಮುದ್ರಣಾಲಯದ ಯಜಮಾನರು ಒಳ್ಳೆಯ ಮಾತಿನಲ್ಲೇ ಹೇಳಿದರು, “ಕೋಷ್ಟಕದ ಪುಸ್ತಕ ಬೇಡ ಬಿಡಮ್ಮ, ಕಥೆ-ಪದ್ಯ ಮಾತ್ರ ಕಳಿಸ್ತೀವಿ.” ಕಥೆ-ಪದ್ಯದ ಪುಸ್ತಕ ವರ್ಷಕ್ಕೆ ಎರಡೋ ಮೂರೋ.

ಒಂದು ಭಾನುವಾರ ಬೆಳಿಗ್ಗೆ ಅವನು ಆ ತಂತ್ರಾಂಶದ ಕೋಡ್ ತೆಗೆದು ಕೂತ. ಹದಿನೇಳು ವರ್ಷ ಅದೇ ಕೆಲಸ ಮಾಡಿದವನಿಗೆ ತಪ್ಪು ಸಿಗಲು ಮಧ್ಯಾಹ್ನದವರೆಗೂ ಬೇಕಾಗಲಿಲ್ಲ. ಒಂದು ಮನೆ ಎರಡು ಸಾಲಿನಷ್ಟು ಎತ್ತರವಿದ್ದರೆ ಆ ತಂತ್ರಾಂಶ ಲೆಕ್ಕ ತಪ್ಪುತ್ತಿತ್ತು. ಅದನ್ನು ಸರಿಪಡಿಸಲು ಆರು ಸಾಲು ಕೋಡ್ ಬರೆದ. ಅಕ್ಕನನ್ನು ಕರೆದು ಕೂರಿಸಿದ. ಮಳೆಯ ಪ್ರಮಾಣದ ಒಂದು ಉದ್ದನೆಯ ಕೋಷ್ಟಕವನ್ನು ಧ್ವನಿ ಮೊದಲಿಂದ ಕೊನೆಯವರೆಗೂ ಎಡವದೆ ಓದಿ ಮುಗಿಸಿತು. ಅಕ್ಕ ಮತ್ತೊಮ್ಮೆ ಓದಿಸಿದಳು. ಮೂರನೇ ಸಲಕ್ಕೆ, “ಇದನ್ನ ಅವ್ರಿಗೆ ಕಳಿಸಿಬಿಡು ಪುಟ್ಟ. ನನ್ನ ಹಾಗೆ ಇನ್ನೆಷ್ಟು ಜನ ಒದ್ದಾಡ್ತಿದಾರೋ” ಅಂದಳು.

ಕಳಿಸಲು ಹೊರಟ. ಅಲ್ಲಿ ಏನನ್ನೇ ಕೊಡುವವರೂ ಮೊದಲು ಒಂದು ಚೌಕಕ್ಕೆ ಗುರುತು ಹಾಕಬೇಕು: ‘ಇದು ನಾನು ಬರೆದದ್ದು, ಇದನ್ನು ಕೊಡುವ ಹಕ್ಕು ನನಗಿದೆ.’ ಅವನ ಬೆರಳು ಅಲ್ಲಿ ನಿಂತಿತು. ಎದ್ದುಹೋಗಿ ಬೀರುವಿನಿಂದ ನೌಕರಿಯ ಕರಾರುಪತ್ರ ತೆಗೆದ. ಹನ್ನೊಂದು ಪುಟ. ಇಪ್ಪತ್ತಾರನೇ ವಯಸ್ಸಿನಲ್ಲಿ ಖುಷಿಯಿಂದ ಕಣ್ಣುಮುಚ್ಚಿ ಸಹಿ ಹಾಕಿದ್ದು. ಏಳನೇ ಪುಟದಲ್ಲಿತ್ತು: ನೌಕರಿಯಲ್ಲಿರುವಷ್ಟು ಕಾಲ, ಕಚೇರಿಯಲ್ಲಾಗಲಿ ಮನೆಯಲ್ಲಾಗಲಿ, ನೌಕರನು ಬರೆಯುವ ಎಲ್ಲವೂ ಸಂಸ್ಥೆಯ ಸ್ವತ್ತು.

“ಎಲ್ಲವೂ ಅಂದ್ರೆ?” ಅಕ್ಕ ಕೇಳಿದಳು. “ನೀನು ಬರೆಯೋ ಸಾಮಾನು ಚೀಟಿನೂನಾ?”

ಅವನು ನಗಲಿಲ್ಲ.

ಮಾರನೇ ದಿನ ನನಗೆ ಹೇಳಿದ. ನಾನು ಹಗುರವಾಗಿ ಅಂದೆ, “ಅಯ್ಯೋ, ಬೇರೆ ಹೆಸರಲ್ಲಿ ಕಳಿಸಪ್ಪ. ಯಾರು ನೋಡ್ತಾರೆ?”

“ಆರು ವರ್ಷದ ಹಿಂದೆ ಒಬ್ಬ ಹಾಗೇ ಮಾಡಿದ್ನಂತೆ” ಅಂದ. “ಅವನ ಕಂಪನಿಯವ್ರು ಬಂದು ಇದು ನಮ್ದು ಅಂದ್ರಂತೆ. ಗುಬ್ಬಚ್ಚಿ ಎಂಟು ತಿಂಗಳ ಕೆಲಸ ಪೂರ್ತಿ ಕಿತ್ತುಹಾಕಿ ಮತ್ತೆ ಬರೆಸ್ಬೇಕಾಯ್ತು. ನನ್ನಿಂದ ಅವ್ರಿಗೆ ಅಂಥದ್ದು ಬರ್ಬಾರ್ದು.”

ಅವನು ನೇರ ದಾರಿಯನ್ನೇ ಹಿಡಿದ. ನಾಲ್ಕನೇ ಮಹಡಿಗೆ ಹೋಗಿ ಕಂಪನಿಯ ವಕೀಲೆಯನ್ನು ಕಂಡ. ಆಕೆ ಕೆಟ್ಟವರೇನಲ್ಲ. ಕೂರಿಸಿ, ನೀರು ಕೊಟ್ಟು, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಹೇಳಿದರು, “ನೋಡಿ, ಇದಕ್ಕೆ ಅರ್ಜಿ ನಮೂನೆನೇ ಇಲ್ಲ. ಇದುವರೆಗೆ ಯಾರೂ ಕೇಳಿಲ್ಲ.”

“ಬರೀ ಆರು ಸಾಲು ಮೇಡಂ. ನಮ್ಮ ಕಂಪನಿ ಕೋಡ್ ಒಂದಕ್ಷರನೂ ಅದರಲ್ಲಿಲ್ಲ.”

“ಆರು ಸಾಲೋ ಅರವತ್ತೋ, ಕೋಷ್ಟಕ ತಾನೆ? ನಮ್ಮ ಅನ್ನವೇ ಅದು. ಮೇಲಿನವ್ರಿಗೆ ಬರೀತೀನಿ. ಉತ್ತರ ಬರೋ ತನಕ ಆ ವಿಷಯವಾಗಿ ಅಲ್ಲಿ ನೀವೇನೂ ಬರೀಬೇಡಿ. ಸುಳಿವು ಕೂಡ ಕೊಡ್ಬೇಡಿ. ಕೊಟ್ರೆ ನಾನು ನಿಮ್ಮ ಪರ ನಿಲ್ಲಕ್ಕಾಗಲ್ಲ.” ಬಾಗಿಲವರೆಗೆ ಬಂದು ಸ್ವಲ್ಪ ದನಿ ತಗ್ಗಿಸಿದರು. “ಒಂದು ಮಾತು ಹೇಳ್ಲಾ? ನೀವು ಕೇಳ್ಲೇಬಾರ್ದಿತ್ತು.”

ಉತ್ತರ ಒಂದು ತಿಂಗಳಾದರೂ ಬರಲಿಲ್ಲ. ನಾಲ್ಕು ತಿಂಗಳಾದರೂ ಬರಲಿಲ್ಲ. ಅವನು ನೆನಪೋಲೆ ಬರೆದ, ಮತ್ತೆ ಬರೆದ. ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಪದ ವಾಪಸು ಬರುತ್ತಿತ್ತು.

ಅಷ್ಟರಲ್ಲಿ ಆ ತಂತ್ರಾಂಶದ ಚರ್ಚೆಯ ಪುಟದಲ್ಲಿ ಇದೇ ತೊಂದರೆಯ ಬಗ್ಗೆ ಜನ ಬರೆಯತೊಡಗಿದ್ದರು. ಒಬ್ಬರು ಶಾಲೆಯ ಮೇಷ್ಟ್ರು, ಅವರಿಗೂ ಕಣ್ಣಿಲ್ಲ. ಮಕ್ಕಳ ಅಂಕಪಟ್ಟಿ ಓದಿಸಿದರೆ ಒಬ್ಬನ ಅಂಕ ಇನ್ನೊಬ್ಬನಿಗೆ ಹೋಗುತ್ತಿದೆ, ತರಗತಿಯಲ್ಲಿ ನಗೆಪಾಟಲಾದೆ ಎಂದು ಬರೆದಿದ್ದರು. ಇನ್ನೊಬ್ಬ ಬರೆದ, ತಪ್ಪು ಧ್ವನಿಯ ಭಾಗದಲ್ಲಿರಬಹುದು ಎಂದು. ಆ ಪುಣ್ಯಾತ್ಮ ಐದು ವಾರ ಧ್ವನಿಯ ಭಾಗವನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಿದ. ತಪ್ಪು ಎಲ್ಲಿತ್ತೋ ಅಲ್ಲೇ ಇತ್ತು.

ಇವನು ದಿನಾ ಮಧ್ಯಾಹ್ನ ಅದನ್ನು ಓದುತ್ತಿದ್ದ. ಊಟದ ಡಬ್ಬಿ ಮುಚ್ಚಳ ತೆಗೆಯದೆ ಹಾಗೇ ಇರುತ್ತಿತ್ತು. “ಅಲ್ಲಲ್ಲ ಕಣಪ್ಪ, ಅಲ್ಲಿ ಹುಡುಕ್ಬೇಡ” ಎಂದು ಪರದೆಗೆ ಪಿಸುಗುಟ್ಟುವುದು ನನಗೆ ಕೇಳುತ್ತಿತ್ತು. ಕಣ್ಣೆದುರಿಗೆ ಒಬ್ಬರು ಕತ್ತಲಲ್ಲಿ ಬೀಗದಕೈ ಹುಡುಕುತ್ತಿದ್ದಾರೆ, ಅದು ಎಲ್ಲಿದೆಯೆಂದು ನಿಮಗೆ ಗೊತ್ತು, ಬಾಯಿಗೆ ಮಾತ್ರ ಬಟ್ಟೆ ತುರುಕಿದೆ. ಅವನ ಸ್ಥಿತಿ ಅದಾಗಿತ್ತು. ಓದಬೇಡ ಅಂದರೆ, “ಓದದೆ ಇರಕ್ಕೂ ಆಗಲ್ಲ” ಅನ್ನುತ್ತಿದ್ದ.

ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಆರು ವಾರಕ್ಕೊಮ್ಮೆ ತಂತ್ರಾಂಶದ ಹೊಸ ಆವೃತ್ತಿ ಬರುತ್ತಿತ್ತು. ಅದರ ಜೊತೆಗೆ ಅಕ್ಕನ ಕಂಪ್ಯೂಟರಿನಲ್ಲಿ ಅವನು ಬರೆದಿದ್ದ ಆರು ಸಾಲು ಅಳಿಸಿಹೋಗುತ್ತಿತ್ತು. ಪ್ರತಿ ಸಲವೂ ಕೂತು ಮತ್ತೆ ಹಾಕಬೇಕು. ಒಂದು ವರ್ಷದಲ್ಲಿ ಎಂಟು ಸಲ ಹಾಕಿದ. ಒಂಬತ್ತನೇ ಸಲ ಹಾಕಲು ಕೂತಾಗ ಅಕ್ಕ ಅವನ ಕೈ ಹಿಡಿದು ನಿಲ್ಲಿಸಿದಳು. ಮುಂದಿನದನ್ನೆಲ್ಲ ಆಮೇಲೆ ಅವಳೇ ನನಗೆ ಹೇಳಿದ್ದು.

“ಹಾಕ್ಬೇಡ. ಕೆಟ್ಟಿರೋದು ಕೆಟ್ಟ ಹಾಗೇ ಇರ್ಲಿ.”

“ಯಾಕಕ್ಕ?”

“ನಾನು ನಿಮ್ಮ ಕಂಪನಿಲಿ ಕೆಲಸಕ್ಕಿದೀನಾ?”

“ಇಲ್ಲ.”

“ಅಲ್ಲಿ ಬರೀಬೇಡ ಅಂತ ನನಗೆ ಯಾರಾದ್ರೂ ಹೇಳಿದಾರಾ?”

ಅವನಿಗೆ ಅರ್ಥವಾಯಿತು. “ಅಕ್ಕ, ನಾನು ಹೇಳಿಕೊಟ್ಟೆ ಅಂತಾಗುತ್ತೆ.”

“ನೀನೆಲ್ಲಿ ಹೇಳಿಕೊಟ್ಟಿದೀಯ? ಏನು ತಪ್ಪು, ಎಲ್ಲಿ ತಪ್ಪು ಅಂತ ಇವತ್ತಿನವರೆಗೆ ನನಗೆ ಒಂದ್ಮಾತು ಹೇಳಿಲ್ಲ. ಹೇಳಲೂಬೇಡ. ತಪ್ಪು ಹುಡುಕೋದು ನನ್ನ ಕಸುಬು ಕಣೋ, ನಿನ್ನದಲ್ಲ. ಶನಿವಾರ ಶನಿವಾರ ಬೆಳಿಗ್ಗೆ ಎಲ್ಲಾದ್ರೂ ಹೊರಗೆ ಹೋಗ್ತಿರು, ಸಾಕು.”

ಹೀಗೆ ಅವನು ತನ್ನ ಮನೆಯಿಂದ ತಾನೇ ಹೊರಬಿದ್ದ. ಐದು ಶನಿವಾರ ಬಸ್ ನಿಲ್ದಾಣದ ಕಬ್ಬಿಣದ ಬೆಂಚಿನ ಮೇಲೆ ಕೂತ. ಒಂದು ಸಲ ನಾನೂ ಹೋಗಿ ಜೊತೆಗೆ ಕೂತಿದ್ದೆ. ಬಸ್ಸುಗಳು ಬಂದು ಹೋಗುತ್ತಿದ್ದವು. ಚಾಲಕನೊಬ್ಬ ಎರಡು ಸಲ ನಿಲ್ಲಿಸಿ “ಹತ್ತಲ್ವಾ ಸಾರ್?” ಎಂದು ಕೇಳಿದ.

ಇತ್ತ ಮನೆಯೊಳಗೆ ಅಕ್ಕ ಸೊನ್ನೆಯಿಂದ ಶುರುಮಾಡಿದ್ದಳು. ಮೂವತ್ತೊಂದು ಕೋಷ್ಟಕಗಳನ್ನು ತಾನೇ ಕಟ್ಟಿದಳು. ಒಂದರಲ್ಲಿ ಒಂದು ಮನೆ ಅಗಲ, ಇನ್ನೊಂದರಲ್ಲಿ ಎತ್ತರ, ಮತ್ತೊಂದರಲ್ಲಿ ಎರಡೂ. ಒಂದೊಂದನ್ನೂ ನಾಲ್ಕು ನಾಲ್ಕು ಸಲ ಓದಿಸಿ, ಧ್ವನಿ ಎಲ್ಲಿ ಹಾರಿತು, ಎಷ್ಟು ಹಾರಿತು ಎಂದು ಗುರುತು ಮಾಡಿಕೊಂಡಳು. ಐದನೇ ಶನಿವಾರ ಚರ್ಚೆಯ ಪುಟದಲ್ಲಿ ಬರೆದಳು: ‘ಅಗಲದ ಮನೆಯಿಂದ ಏನೂ ತೊಂದರೆಯಿಲ್ಲ. ಎತ್ತರದ ಮನೆ ಬಂದಾಗ ಮಾತ್ರ. ಅದು ಎಷ್ಟು ಸಾಲು ಎತ್ತರವಿದೆಯೋ ಅಷ್ಟು ಸಾಲನ್ನು ನುಂಗುತ್ತದೆ. ಧ್ವನಿಯಲ್ಲಿ ಹುಡುಕಬೇಡಿ, ಎಣಿಕೆಯಲ್ಲಿ ಹುಡುಕಿ. ಮೂವತ್ತೊಂದು ಉದಾಹರಣೆ ಲಗತ್ತಿಸಿದ್ದೇನೆ.’

ಕಳಿಸಿದ ಮೇಲೆ ತಮ್ಮನಿಗೆ ಫೋನು ಮಾಡಿದಳು. “ಬಾ ಒಳಗೆ. ಸರಿನಾ ತಪ್ಪಾ ಅಂತ ನಾನು ಕೇಳಲ್ಲ.”

ಎರಡೇ ದಿನಕ್ಕೆ ಗುಬ್ಬಚ್ಚಿಯ ಉತ್ತರ ಬಂತು: ‘ಹನ್ನೆರಡು ವರ್ಷದಲ್ಲಿ ಇಷ್ಟು ಚೆನ್ನಾಗಿ ಬರೆದ ದೂರು ನಾನು ಕಂಡಿಲ್ಲ. ನೀವು ಯಾರು?’ ದೂರದ ಊರಿನ ವಿದ್ಯಾರ್ಥಿನಿಯೊಬ್ಬಳು ಅದನ್ನು ಓದಿ, ಸರಿಯಾದ ಜಾಗಕ್ಕೇ ಹೋಗಿ ಒಂಬತ್ತು ಸಾಲು ಬರೆದಳು. ಅದರಲ್ಲೊಂದು ಕೊರತೆ ಇತ್ತು. ಎತ್ತರದ ಮನೆ ಕೊನೆಯ ಸಾಲಿನವರೆಗೂ ಚಾಚಿದ್ದರೆ ಮತ್ತೆ ಎಡವುತ್ತಿತ್ತು. ಇವನಿಗೆ ನೋಡಿದ ಕೂಡಲೇ ಗೊತ್ತಾಯಿತು. ಮೂರು ದಿನ ತುಟಿ ಕಚ್ಚಿಕೊಂಡಿದ್ದ. ನಾಲ್ಕನೇ ದಿನ ಅಕ್ಕನೇ ಅದನ್ನು ಪತ್ತೆಹಚ್ಚಿ ಬರೆದಳು. ಆಗ ಅವನು ನನ್ನ ಭುಜ ಹಿಡಿದು ಅಲುಗಾಡಿಸಿದ್ದು ನೆನಪಿದೆ.

ಹೊಸ ಆವೃತ್ತಿ ಬಂತು. ಶಾಲೆಯ ಮೇಷ್ಟ್ರು ಥ್ಯಾಂಕ್ಸ್ ಬರೆದರು. ನೆರವಾದವರ ಪಟ್ಟಿಯಲ್ಲಿ ವಿದ್ಯಾರ್ಥಿನಿಯ ಹೆಸರು, ಕೆಳಗೆ ಅಕ್ಕನ ಹೆಸರು. ಮುದ್ರಣಾಲಯದವರು ಭೂಗೋಳದ ಪುಸ್ತಕ ಕಳಿಸಿದರು.

“ನಿನಗೆ ಬೇಜಾರಾಗ್ಲಿಲ್ವಾ?” ಎಂದು ಕೇಳಿದೆ.

“ಆಯ್ತು” ಅಂದ. ಸುಳ್ಳು ಹೇಳುವ ಜನವಲ್ಲ ಅವನು. “ಒಂಬತ್ತು ಸಾಲು ಬರೆದಿದಾಳೆ. ಆರರಲ್ಲಿ ಮುಗೀತಿತ್ತು.”

ಅಷ್ಟು ಹೇಳಿ ಕೈತೊಳೆಯಲು ಹೋದವನು ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖಕ್ಕೂ ನೀರು ಹಾಕಿಕೊಂಡು ಬಂದಿದ್ದ.

ಕಂಪನಿಯ ಒಪ್ಪಿಗೆ ಬಂದದ್ದು ಅವನು ಕೇಳಿದ ಹತ್ತೊಂಬತ್ತನೇ ತಿಂಗಳಿಗೆ. ವಕೀಲೆಯೇ ಮೇಜಿನ ಹತ್ತಿರ ತಂದುಕೊಟ್ಟರು. ಬಿಡುವಿನಲ್ಲಿ ಅಲ್ಲಿಗೆ ಬರೆದುಕೊಡಬಹುದು, ಆದರೆ ಕೋಷ್ಟಕ, ಅರ್ಜಿ ನಮೂನೆ, ದಾಖಲೆಗಳ ಓದು, ಈ ಮೂರನ್ನು ಮುಟ್ಟುವಂತಿಲ್ಲ. ಅವನಿಗೆ ಗೊತ್ತಿದ್ದದ್ದು ಆ ಮೂರೇ.

ಕಾಗದವನ್ನು ಎರಡು ದಿನ ಕೀಲಿಮಣೆಯ ಕೆಳಗೆ ಇಟ್ಟುಕೊಂಡಿದ್ದ. ಮೂರನೇ ದಿನ ಗುಬ್ಬಚ್ಚಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದ: ನಾನು ಇಂಥವನು, ಇಷ್ಟು ವರ್ಷ ಈ ಕೆಲಸ, ಇವಿಷ್ಟನ್ನು ನಾನು ಮುಟ್ಟುವಂತಿಲ್ಲ, ಉಳಿದದ್ದು ಏನಾದರೂ ಇದೆಯೇ? ಉತ್ತರ ಬಂತು: ‘ಧ್ವನಿ ವಿರಾಮಚಿಹ್ನೆಗಳ ಹತ್ತಿರ ನಿಲ್ಲುವುದೇ ಇಲ್ಲ, ರೈಲಿನ ಹಾಗೆ ಓಡುತ್ತದೆ. ಯಾರೂ ಆ ಕೆಲಸ ಕೈಗೆತ್ತಿಕೊಂಡಿಲ್ಲ. ಬನ್ನಿ.’

ಹದಿನೆಂಟು ವರ್ಷದ ಅನುಭವಸ್ಥ, ಧ್ವನಿಯ ವಿಷಯದಲ್ಲಿ ಅಂಬೆಗಾಲಿಡುವ ಮಗು. ಮೊದಲು ಕಳಿಸಿದ್ದು ಮೂರು ಸಲ ವಾಪಸು ಬಂತು. ಕೋಡಿನ ಭಾಗಗಳಿಗೆ ಹೆಸರಿಟ್ಟ ರೀತಿ ಸರಿಯಿಲ್ಲ, ಅದನ್ನು ಪರೀಕ್ಷಿಸುವ ಕೋಡ್ ಜೊತೆಗಿಲ್ಲ, ವಿವರಣೆ ಸಾಲದು. ನಾಲ್ಕನೇ ಸಲಕ್ಕೆ ಒಪ್ಪಿಕೊಂಡರು. ಆ ಬೆಳಿಗ್ಗೆ ಅವನು ಕ್ಯಾಂಟೀನಿನಲ್ಲಿ ನನಗೆ ಚಹಾ ಕೊಡಿಸಿದ. ಅಂಥದ್ದು ಅವನ ಚರಿತ್ರೆಯಲ್ಲೇ ಇರಲಿಲ್ಲ.

ಈಗ ಅಕ್ಕ ಆ ಸಮುದಾಯದಲ್ಲಿ ದೊಡ್ಡ ಆಳು. ಹೊಸದಾಗಿ ಬರೆದದ್ದನ್ನು ಕೇಳಿ ಪರೀಕ್ಷಿಸುವ ನಲವತ್ತು ಜನರ ಗುಂಪು ಅವಳ ಕೈಕೆಳಗಿದೆ. ತಮ್ಮನ ಕೆಲಸವೂ ಅವಳ ಮುಂದೆ ಹಾದುಹೋಗಬೇಕು. ಹೋದ ತಿಂಗಳು ಒಂದನ್ನು ತಿರಸ್ಕರಿಸಿದಳು. “ಅಲ್ಪವಿರಾಮಕ್ಕೇ ಇಷ್ಟು ಹೊತ್ತು ನಿಂತ್ರೆ ಪೂರ್ಣವಿರಾಮಕ್ಕೆ ಏನು ಮಲಗಿಬಿಡ್ತೀಯಾ?” ಅಂದಳಂತೆ.

ತಿಂಗಳಿಗೊಮ್ಮೆ ಎಲ್ಲರೂ ಕಂಪ್ಯೂಟರಿನಲ್ಲೇ ಸಭೆ ಸೇರುತ್ತಾರೆ. ಅಕ್ಕ-ತಮ್ಮ ಒಂದೇ ಮೇಜಿನಲ್ಲಿ, ಇಬ್ಬರ ಕಿವಿಗೂ ಹೆಡ್‌ಫೋನು. ಗುಬ್ಬಚ್ಚಿ ನಿವೃತ್ತ ಟೆಲಿಫೋನ್ ಆಪರೇಟರ್, ಎಪ್ಪತ್ತರ ಹತ್ತಿರದ ಹೆಂಗಸು ಎಂದು ಅಲ್ಲೇ ತಿಳಿದದ್ದು. ಕಳೆದ ಸಭೆಯಲ್ಲಿ ಕೋಷ್ಟಕದ ಮತ್ತೊಂದು ತೊಡಕಿನ ಮಾತು ಬಂತು. ಆ ವಿದ್ಯಾರ್ಥಿನಿ ಏನನ್ನೋ ಕೇಳಿದಳು, ಅವನೊಬ್ಬನನ್ನು ಬಿಟ್ಟು ಯಾರಿಗೂ ಉತ್ತರ ಗೊತ್ತಿರಲಿಲ್ಲ. ಅವನು ಹೆಡ್‌ಫೋನು ತೆಗೆದು ಮೇಜಿನ ಮೇಲೆ ಮಗುಚಿಟ್ಟು, ಎದುರಿನ ಗೋಡೆ ನೋಡುತ್ತ ಕೂತ. ಹದಿನೈದು ನಿಮಿಷವಾದ ಮೇಲೆ ಅಕ್ಕ ಮೇಜು ತಟ್ಟಿದಳು, ಆ ಮಾತು ಮುಗಿಯಿತು ಎಂದು.