ಜೀಪಿನ ಟೈರಿನ ಗುರುತು

ಬಾಗಿಲು ಸ್ವಲ್ಪ ಎಳೆದುಕೊಂಡು ಬನ್ನಿ. ನಾನು ಹೇಳಿದ್ದು ಅಂತ ಮಾತ್ರ ಎಲ್ಲೂ ಬಾಯಿಬಿಡಬಾರದು.

ಎಪ್ಪತ್ತೊಂದು ಎಪ್ಪತ್ತೆರಡರ ಮಾತು. ನಮ್ಮವರಿಗೆ ವರ್ಗವಾಗಿ ತಿರುವನಂತಪುರದ ಉಳ್ಳೂರಿನಲ್ಲಿದ್ದೆವು. ಪಕ್ಕದ ಮನೆಯ ರಾಯರ ಹತ್ತಿರ ಹರಾಜಿನಲ್ಲಿ ಹಿಡಿದ ಹಳೇ ಜೀಪಿತ್ತು. ಅದರ ಹಿಂದಿನ ಟೈರೊಂದರಲ್ಲಿ ಅಂಗೈಯಗಲ ರಬ್ಬರು ಕಿತ್ತುಹೋಗಿ, ಮರಳಿನಲ್ಲಿ ಸುತ್ತಿಗೊಂದು ಬೋಳು ಗುರುತು ಬೀಳುತ್ತಿತ್ತು. ನನಗೆ ಅಕ್ಷರ ಅಷ್ಟಕ್ಕಷ್ಟೆ, ಆದರೆ ಆ ಗುರುತು ಚೆನ್ನಾಗಿ ತಿಳಿಯುತ್ತಿತ್ತು. ದಿನಾ ಸಂಜೆ ಅದು ಬೀದಿ ಕೊನೆಯ ಒಬ್ಬಂಟಿ ನರ್ಸಮ್ಮನ ಗೇಟಿನೊಳಗೆ! ರಾಯರ ಹೆಂಡತಿ ಪದ್ಮಕ್ಕ, ಪಾಪ, ಆ ಹೊತ್ತಿಗೆ ದೇವಸ್ಥಾನಕ್ಕೆ ಅಂತ ಹೋಗಿರುತ್ತಿದ್ದಳು. ನಾನು ಮೂರೇ ಮನೆಗೆ ಹೇಳಿದೆ. ಉಳಿದ ಮನೆಗಳಿಗೆ ಅವರೇ ಹೇಳಿಕೊಂಡರು. ಪದ್ಮಕ್ಕನ ಸಂಸಾರ ಮುಗಿಯಿತು ಅಂತ ಕಣ್ಣೂ ಒರೆಸಿಕೊಂಡೆ.

ಶನಿವಾರ ಜೀಪು ನಮ್ಮ ಗೇಟಿಗೇ ಬಂದು ನಿಂತಿತು. ಸ್ಟೇರಿಂಗ್ ಹಿಡಿದು ಕೂತವಳು ಪದ್ಮಕ್ಕ! ರಾಯರು ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡಿದ್ದರು.

"ಹತ್ತಿ ಮಾರಾಯ್ರೆ, ಟೈರ್ ತರಲಿಕ್ಕೆ ಹೋಗುವ," ಅಂದಳು.

ನರ್ಸಮ್ಮನ ಅಗಲವಾದ ಅಂಗಳದಲ್ಲಿ ರಾಯರೇ ಪದ್ಮಕ್ಕನಿಗೆ ಡ್ರೈವಿಂಗ್ ಕಲಿಸಿದ್ದಂತೆ. ಕಲಿತು ಮುಗಿಯುವವರೆಗೆ ನನ್ನ ಬಾಯಿಗೆ ಬೀಳಬಾರದು ಅಂತ ದೇವಸ್ಥಾನದ ನೆಪ!

ಅಂಗಡಿಯವನು ಎರಡು ಬಗೆ ತಂದಿಟ್ಟ. ಕೆಸರಿಗೆ ದಪ್ಪ ಹಲ್ಲಿನದು, ರಸ್ತೆಗೆ ಸಣ್ಣ ಗೀರಿನದು.

"ಏದು ವೇಣಂ, ಚೇಚ್ಚಿ?" ಯಾವುದು ಬೇಕು ಅಕ್ಕಾ ಅಂತ ಮಲಯಾಳದಲ್ಲಿ ಕೇಳಿದ.

ಪದ್ಮಕ್ಕ ನನ್ನತ್ತ ತಿರುಗಿ, ಅಂಗಡಿಗೆಲ್ಲ ಕೇಳುವ ಹಾಗೆ ಅಂದಳು: "ನೀವೇ ಆರಿಸಿ ಅಕ್ಕಾ. ನಾವು ಮೇಲೆ ಕೂತು ಹೋಗುವವರಷ್ಟೆ, ಹಿಂದಿನಿಂದ ನೋಡಿಕೊಂಡು ಬರುವವರು ನೀವಲ್ವಾ?"